ಯಾರೂ ಎಬ್ಬಿಸದ ಜಾಗ

ನರಗುಂದದಲ್ಲಿ ಬಸ್ಸಿನಿಂದ ಇಳಿದವರಿಗೆ ಮೊದಲು ಕಾಣುವುದು ಗುಡ್ಡ, ಮೊದಲು ಕೇಳುವುದು ಹಾರ್ನು. ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿ ಈ ಊರಿಗೆ ತಾಗಿಕೊಂಡೇ ಸಾಗುತ್ತದೆ. ಹತ್ತಿ ಹೇರಿದ ಲಾರಿ, ಕಬ್ಬಿನ ಟ್ರ್ಯಾಕ್ಟರು, ಆ ಟ್ರ್ಯಾಕ್ಟರಿನ ಮೇಲೆ ಎದೆ ನಡುಗಿಸುವ ಹಾಡು, ಎದುರಿಗೆ ಸಾರಿಗೆ ಸಂಸ್ಥೆಯ ಬಸ್ಸು, ನಡುವೆ ಮೈಕು ಕಟ್ಟಿಕೊಂಡು ಹಳೇ ಕಬ್ಬಿಣ ಕೇಳುತ್ತ ಬರುವ ಟಂಟಂ. ಸಣ್ಣ ಊರು ಎಂದರೆ ಶಾಂತ ಊರು ಎಂದು ನಂಬಿದವರು ಬೆಳಗಿನ ಹತ್ತು ಗಂಟೆಗೆ ಇಲ್ಲಿ ಬಂದು ನಿಲ್ಲಬೇಕು.

ನಾನು ಈ ಸೀಮೆಗೆ ಹೋದದ್ದು ಓದಲು ಜಾಗ ಹುಡುಕಿಕೊಂಡು. ನರಗುಂದ, ರೋಣ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ಬಡಗಣ ಬದಿಯ ಊರುಗಳು. ಚೀಲದಲ್ಲಿ ಗಿರಡ್ಡಿ ಗೋವಿಂದರಾಜರ ಕಥೆಗಳಿದ್ದವು. ಅವರು 1939ರಲ್ಲಿ ಹುಟ್ಟಿದ್ದು ರೋಣ ಸೀಮೆಯ ಅಬ್ಬಿಗೇರಿಯಲ್ಲಿ. ವಿಮರ್ಶಕರೆಂದು, ಧಾರವಾಡ ಸಾಹಿತ್ಯ ಸಂಭ್ರಮ ಕಟ್ಟಿದವರೆಂದು ಅವರನ್ನು ನೆನೆಯುವವರೇ ಹೆಚ್ಚು. ನನಗೆ ಮಾತ್ರ ಅವರು ಮೊದಲು ಕಥೆಗಾರರು. ಎರೆಮಣ್ಣಿನಲ್ಲಿ ಹುಟ್ಟಿದ ಆ ಕಥೆಗಳನ್ನು ಎರೆಮಣ್ಣಿನ ಊರುಗಳಲ್ಲೇ ಕೂತು ಓದಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು.

ಬೆಂಗಳೂರಿನ ಓದುಗರು 2023ರ ಆರಂಭದಲ್ಲಿ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು, ಮಾತಿಲ್ಲದೆ ಓದುವ ರೂಢಿ ಶುರುಮಾಡಿದರು. ಅದಕ್ಕೆ ‘ಕಬ್ಬನ್ ರೀಡ್ಸ್’ ಎಂದು ಹೆಸರಾಯಿತು. ಶನಿವಾರದ ಆ ಓದನ್ನು ಕಂಡು ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ಕೂಡ ಜನ ಪುಸ್ತಕ ಹಿಡಿದು ಉದ್ಯಾನಗಳಿಗೆ ಬರತೊಡಗಿದರು. ನಾನೂ ಅಲ್ಲಿ ಕೂತು ಓದಿದ್ದೇನೆ. ಅಲ್ಲಿನ ಮರಗಳ ನೆರಳಿಗಿಂತ ನನಗೆ ಹೆಚ್ಚು ಹಿತವಾಗಿದ್ದು ಒಂದೇ: ಯಾರೂ ನನ್ನನ್ನು ಏನೂ ಕೇಳಲಿಲ್ಲ.

ದೊಡ್ಡ ಊರಿನಲ್ಲಿ ಓದುವವರನ್ನು ಸದ್ದು ಎಬ್ಬಿಸುತ್ತದೆ. ಸಣ್ಣ ಊರಿನಲ್ಲಿ ಪ್ರಶ್ನೆ ಎಬ್ಬಿಸುತ್ತದೆ. ನರಗುಂದದ ಚಹಾದಂಗಡಿಯ ಬೆಂಚಿನ ಮೇಲೆ ಪುಸ್ತಕ ತೆರೆದು ಇನ್ನೂ ಪುಟ ಮಗುಚಿರಲಿಲ್ಲ. “ಯಾವೂರ್ರಿ ಅಕ್ಕಾರ?” ಎಂದರು ಒಬ್ಬರು. “ಯಾರ ಮನಿಗೆ ಬಂದೀರಿ?” ಎಂದರು ಇನ್ನೊಬ್ಬರು. ಯಾರ ಮನೆಗೂ ಅಲ್ಲ, ಓದಲಿಕ್ಕೆ ಬಂದೆ ಎಂದಾಗ ಅಂಗಡಿಯ ಅಜ್ಜ ಗಾಬರಿಯಾದರು. “ಒಬ್ಬಾಕಿನ ಬಂದೀಯೇನವ್ವಾ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?” ಇವೆಲ್ಲ ಪ್ರೀತಿಯ ಪ್ರಶ್ನೆಗಳು, ನನಗದು ಗೊತ್ತು. ಇದೇ ಪ್ರೀತಿ ನಾಳೆ ಬಿಸಿಲಿಗೆ ತಲೆ ತಿರುಗಿ ಬಿದ್ದರೆ ನೀರು ಕುಡಿಸಿ, ಬಸ್ಸು ಹತ್ತಿಸಿ ಕಳಿಸುತ್ತದೆ. ಆದರೆ ಇದೇ ಪ್ರೀತಿಯ ಕಣ್ಣೆದುರು, ಈ ಊರಲ್ಲೇ ಹುಟ್ಟಿದ ಹುಡುಗಿಯೊಬ್ಬಳು ಒಂದು ತಾಸು ಸುಮ್ಮನೆ ಕೂತು ಕಾದಂಬರಿ ಓದುತ್ತೇನೆಂದರೆ ಎಲ್ಲಿ ಕೂರಬೇಕು? ಆ ಬೆಂಚಿನಿಂದ ಏಳುವಾಗ ಈ ಪ್ರಶ್ನೆ ನನ್ನ ಜೊತೆಗೇ ಎದ್ದು ಬಂತು. ಆಮೇಲೆ ಎಲ್ಲಿ ಕೂತರೂ ನಾನು ಅಳೆಯುತ್ತಿದ್ದದ್ದು ಎಷ್ಟು ಸದ್ದಿದೆ ಎಂಬುದನ್ನಲ್ಲ, ಇಲ್ಲಿಂದ ಯಾರಾದರೂ ನನ್ನನ್ನು ಎಬ್ಬಿಸುತ್ತಾರೆಯೇ ಎಂಬುದನ್ನು.

ಗುಡ್ಡ ಊರಿನ ಬೆನ್ನಿಗೇ ಇದೆ. ಸುತ್ತ ಎತ್ತ ನೋಡಿದರೂ ಸಮತಟ್ಟು ಹೊಲ. ನಡುವೆ ಇದೊಂದೇ ಥಟ್ಟನೆ ಎದ್ದು ನಿಂತಿದೆ. ಬೆಳಿಗ್ಗೆ ಬಿಸಿಲು ಬಲಿಯುವ ಮೊದಲು ಹತ್ತಿದರೆ ಮೇಲೆ ಗಾಳಿಯುಂಟು, ಕುಸಿದ ಗೋಡೆಗಳ ನೆರಳುಂಟು. ಕೆಳಗಿನ ಹಾರ್ನು ಕೇಳುತ್ತದೆ, ಆದರೆ ನನ್ನನ್ನು ಕರೆಯುವುದಿಲ್ಲ. ಕಲ್ಲಿಗೆ ಒರಗಿ ಪುಸ್ತಕ ತೆರೆದೆ.

ಇಲ್ಲಿ ನನಗಿಂತ ಮೊದಲು ಓದಿದವನೊಬ್ಬನಿದ್ದ. ನರಗುಂದದ ಕಡೆಯ ದೊರೆ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಅವನ ಹೆಸರು ಬಂದಾಗಲೆಲ್ಲ ನಾವು ನೆನೆಯುವುದು 1858ರ ಬಂಡಾಯವನ್ನು. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ, ಆಯುಧ ಒಪ್ಪಿಸು ಎಂದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಜೂನ್ ಮೊದಲ ವಾರದಲ್ಲೇ ಊರೂ ಕೋಟೆಯೂ ಕೈಬಿಟ್ಟವು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಇಷ್ಟನ್ನು ಇಲ್ಲಿನ ಶಾಲೆಯ ಮಕ್ಕಳೂ ಹೇಳುತ್ತಾರೆ. ಅವರು ಹೇಳದ, ನಾವು ಹೇಳಿಕೊಡದ ಇನ್ನೊಂದು ಮಾತಿದೆ. ಅವನನ್ನು ಸೋಲಿಸಿದ ಬ್ರಿಟಿಷರೇ ಬರೆದಿಟ್ಟಂತೆ ಈ ಭಾಗದ ಸಂಸ್ಥಾನಿಕರಲ್ಲಿ ಅವನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ, ಅವನ ಬಳಿ ಸಾವಿರಾರು ಗ್ರಂಥಗಳ ಸಂಗ್ರಹವಿತ್ತು. ಮುದ್ರಣ ಈ ಕಡೆಗೆ ಆಗತಾನೇ ಕಾಲಿಡುತ್ತಿದ್ದ ದಿನಗಳಲ್ಲಿ, ಜೋಳ ಹತ್ತಿ ಬೆಳೆಯುವ ಈ ಪುಟ್ಟ ಸಂಸ್ಥಾನದಲ್ಲಿ ಸಾವಿರಾರು ಗ್ರಂಥಗಳು!

ಗುಡ್ಡದ ಮೇಲೆ ನನಗೆ ಯುದ್ಧಕ್ಕಿಂತ ಆ ಪುಸ್ತಕಗಳ ಯೋಚನೆಯೇ ಹೆಚ್ಚು ಹೊತ್ತು ಇತ್ತು. ಅವನು ಓದುತ್ತಿದ್ದದ್ದು ಎಲ್ಲಿ? ವಾಡೆಯ ಯಾವ ಕಿಟಕಿಯ ಹತ್ತಿರ? ಖಲೀತೆಗಳು, ಹರಕಾರರು, ಕಂದಾಯದ ಲೆಕ್ಕ, ಮಗನಿಲ್ಲದ ಚಿಂತೆ ಇವುಗಳ ನಡುವೆ ಅವನಿಗೆ ಎಷ್ಟು ಹೊತ್ತು ಸಿಗುತ್ತಿತ್ತು? ಬಾಬಾಸಾಹೇಬನ ನೆನಪಿಗೆ ಪ್ರತಿಮೆ, ವೃತ್ತ, ಸಿನಿಮಾ ಎಲ್ಲ ಆಗಲಿ. ಆದರೆ ಈ ಊರಿನಲ್ಲಿ ಅವನ ಹೆಸರಿನ, ದೊಡ್ಡ ಕಿಟಕಿಗಳ, ರಾತ್ರಿ ಒಂಬತ್ತರವರೆಗೆ ದೀಪ ಉರಿಯುವ ಒಂದು ವಾಚನಾಲಯ ಆದರೆ ಅವನಿಗೆ ಅದಕ್ಕಿಂತ ಸರಿಯಾದ ಗೌರವ ಇನ್ನೊಂದಿಲ್ಲ ಎಂದು ನಾನು ಮನಸಾರೆ ನಂಬುತ್ತೇನೆ.

ಕೆಳಗಿಳಿದರೆ ನರಗುಂದ ಮತ್ತೊಂದು ಬಂಡಾಯದ ಊರು. ಮಲಪ್ರಭೆಯ ನೀರು ಬಂತು, ನೀರಿಗಿಂತ ಮೊದಲು ಕರ ಬಂತು. 1980ರ ಜುಲೈ 21ರಂದು ರೈತರು ತಹಶೀಲ್ದಾರ ಕಚೇರಿಗೆ ಬಂದಾಗ ಗೋಲಿಬಾರ್ ಆಗಿ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಅವರ ವೀರಗಲ್ಲಿನ ಮುಂದೆ ಈಗಲೂ ಪ್ರತಿ ವರ್ಷ ಆ ದಿನ ರೈತರು ಸೇರುತ್ತಾರೆ. ಮಹದಾಯಿ ನೀರಿಗಾಗಿ 2015ರ ಜುಲೈನಲ್ಲಿ ಇದೇ ಊರಲ್ಲಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಆ ಪೆಂಡಾಲಿನಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಸಿಕ್ಕಿದ್ದರು. “ಮುಂಜಾನೆ ಒಬ್ಬಾಂವ ಪೇಪರ್ ಓದಾಂವ, ಉಳದಾರು ಕೇಳಾರು. ಓದಾಕ ಬರದವ್ರಿಗೂ ಕೋರ್ಟಿನ ಸುದ್ದಿ ಎಲ್ಲಾ ಬಾಯಿಪಾಠ ಆಗಿತ್ತು,” ಎಂದರು. ಹೊಲದ ಕೆಲಸ, ಮನೆಯ ಕೆಲಸ ಬಿಟ್ಟು ದಿನವೂ ಒಂದೇ ಕಡೆ ಕೂರುವ ಅವಕಾಶ ರೈತರಿಗೆ ಬಂದದ್ದು ಹೋರಾಟದಿಂದ. ಆ ಪೆಂಡಾಲು ಓದುವ ಮನೆಯೂ ಆಗಿತ್ತು ಎಂಬುದನ್ನು ಯಾರಾದರೂ ಬರೆದಿಡಬೇಕು.

ನರಗುಂದದಿಂದ ರೋಣಕ್ಕೆ ಬಸ್ಸಿನಲ್ಲಿ ಹೋಗುವುದೆಂದರೆ ಕಪ್ಪು ನೆಲದ ಮೇಲೆ ಉದ್ದಕ್ಕೆ ಸಾಗುವುದು. ಹಿಂಗಾರಿನ ಕಾಲದಲ್ಲಾದರೆ ಬಿಳಿಜೋಳ, ಕಡಲೆ, ಕುಸುಬೆ. ನಡುನಡುವೆ ಬೇವಿನ ಮರ, ಜಾಲಿ. ಬಸ್ಸಿನ ತುಂಬ ಹೆಂಗಸರಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ದಾರಿಗಳಲ್ಲಿ ಓಡಾಡುವವರು ಬದಲಾಗಿದ್ದಾರೆ. ತವರಿಗೆ, ದವಾಖಾನೆಗೆ, ಸಂತೆಗೆ, ಕಾಲೇಜಿಗೆ ಯಾರ ಕೈಯಲ್ಲೂ ದುಡ್ಡು ಕೇಳದೆ ಹೊರಟವರು. ಬಸ್ಸಿನಲ್ಲಿ ಓದಲು ಆಗುವುದಿಲ್ಲ, ರಸ್ತೆ ಬಿಡುವುದಿಲ್ಲ. ಆದರೆ ಕಿಟಕಿಯ ಪಕ್ಕ ಕೂತ ಹೆಂಗಸೊಬ್ಬಳು ಯಾರ ಕಡೆಗೂ ನೋಡದೆ ಹೊಲಗಳನ್ನೇ ನೋಡುತ್ತ ಬಂದಳು. ಅವಳ ದಿನದಲ್ಲಿ ಯಾರೂ ಕರೆಯದ ತಾಸು ಬಹುಶಃ ಅದೊಂದೇ.

ರೋಣಕ್ಕೆ ದ್ರೋಣಪುರ ಎಂಬ ಹೆಸರಿತ್ತು, ದ್ರೋಣಾಚಾರ್ಯರು ಇಲ್ಲಿದ್ದರು ಎಂದು ಊರವರು ಹೇಳುತ್ತಾರೆ. ಊರೊಳಗೆ ಕಪ್ಪುಕಲ್ಲಿನ ಹಳೆಯ ಗುಡಿಗಳಿವೆ: ಅನಂತಶಯನ, ಲೋಕನಾಥ, ಸೋಮಲಿಂಗ, ಪಾರ್ಶ್ವನಾಥ. ಹಂಪಿ ಬಾದಾಮಿಗಳಂತೆ ಇವನ್ನು ನೋಡಲು ಯಾರೂ ದೂರದಿಂದ ಬರುವುದಿಲ್ಲ. ಅದರಿಂದಲೇ ಇವು ಓದುವವರಿಗೆ ಒಲಿದಿವೆ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಕಂಬಗಳ ನಡುವೆ ಕಲ್ಲು ತಣ್ಣಗೆ. ಗುಡಿಯಲ್ಲಿ ಕೂತ ಹೆಂಗಸನ್ನು ಯಾಕೆ ಕೂತೆ ಎಂದು ಯಾರೂ ಕೇಳುವುದಿಲ್ಲ. ಹರಕೆಯಿರಬಹುದು, ದುಃಖವಿರಬಹುದು, ಬರೀ ದಣಿವಿರಬಹುದು. ಕೂತದ್ದಕ್ಕೆ ಕಾರಣ ಕೊಡಬೇಕಿಲ್ಲ. ನಮ್ಮ ಹೆಂಗಸರು ತಲೆಮಾರುಗಳಿಂದ ಈ ಸೌಕರ್ಯವನ್ನು ಬಳಸಿಕೊಂಡು ಬಂದಿದ್ದಾರೆ.

ಎಲ್ಲರಿಗೂ ಆ ಸೌಕರ್ಯ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗುಡಿಯ ಹೊಸ್ತಿಲೊಳಗೆ ಬಿಡದ ಜಾತಿಗಳ ಮಕ್ಕಳಿಗೆ ಈ ತಣ್ಣನೆಯ ಕಲ್ಲು ಎಂದೂ ಓದುವ ಜಾಗವಾಗಿರಲಿಲ್ಲ. ಕುಮಾರವ್ಯಾಸ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೊರಗಿ, ಒದ್ದೆ ಬಟ್ಟೆ ಆರುವ ತನಕ ಬರೆಯುತ್ತಿದ್ದ ಎಂಬ ಕಥೆ ಈ ಜಿಲ್ಲೆಯ ಹೆಮ್ಮೆ. ಆ ಕಂಬಕ್ಕೆ ಒರಗಲಾಗದವರು ಎಲ್ಲಿ ಬರೆಯಬೇಕಿತ್ತು, ಎಲ್ಲಿ ಓದಬೇಕಿತ್ತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಾರ್ವಜನಿಕ ಗ್ರಂಥಾಲಯ ಒಂದೇ.

ಗುಡಿಯಲ್ಲಿ ಕಥೆಯ ನಡುವಿದ್ದಾಗ ಒಬ್ಬ ಅಜ್ಜಿ ಬಂದು ಪಕ್ಕದಲ್ಲೇ ಕೂತರು. “ಯಾವ ಪುರಾಣ ಅದು?” ಎಂದರು. ಶ್ರಾವಣದಲ್ಲಿ ಇಲ್ಲಿನ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ, ಊರಿಗೆ ಊರೇ ಕೂತು ಕೇಳುತ್ತದೆ. ಪುಸ್ತಕವೆಂದರೆ ಒಬ್ಬರು ಓದುವುದು, ಹತ್ತು ಜನ ಕೇಳುವುದು ಎಂದೇ ಅವರಿಗೆ ಗೊತ್ತು. ಪುರಾಣವಲ್ಲ ಅಜ್ಜಿ, ಇಲ್ಲೇ ಅಬ್ಬಿಗೇರಿಯವರು ಬರೆದ ಕಥೆ ಎಂದೆ. “ಅಬ್ಬಿಗೇರಿಯವರಾ? ನಮ್ಮ ಬೀಗರ ಊರು. ಜೋರ ಓದು, ನಾನೂ ಕೇಳತೀನಿ.” ಓದಿದೆ. ನಡುವೆ ಮಾತಿನ ಒಂದು ತುಂಡು ಬಂದಾಗ “ಹೌದ ನೋಡು, ಹಿಂಗ ಮಾತಾಡ್ತಾರ,” ಎಂದು ತೊಡೆ ತಟ್ಟಿದರು. ನಾನು ಸುಮ್ಮನೆ ಓದುವ ಜಾಗ ಹುಡುಕಿ ಹೋದವಳು. ಆ ಪ್ರಯಾಣದಲ್ಲಿ ಚೆನ್ನಾಗಿ ಓದಿದ ಕಥೆ ಮಾತ್ರ ಅದೇ, ಗಟ್ಟಿಯಾಗಿ ಓದಿದ್ದು.

ಈ ಸೀಮೆಯ ಒಂದು ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕಳೆದೆ. ಊರು ಯಾವುದೆಂದು ಬೇಡ, ಇಂಥವು ಎಲ್ಲ ತಾಲ್ಲೂಕುಗಳಲ್ಲೂ ಇವೆ. ಮುಂದಿನ ಕೋಣೆಯಲ್ಲಿ ಹಿರಿಯರು ಪೇಪರಿನ ಒಂದೊಂದು ಹಾಳೆಯನ್ನು ಹಂಚಿಕೊಂಡು ಓದುತ್ತಿದ್ದರು. ಒಳಗಿನ ಮೇಜಿನ ಸುತ್ತ ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು. ಮೂಲೆಯಲ್ಲಿ ಒಬ್ಬಳೇ ಹುಡುಗಿ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾಳೆ, ಪದವಿ ಮುಗಿದಿದೆ. ಮನೆಯಲ್ಲಿ ಓದಲು ಕೂತರೆ ನೀರಿಗೆ ಕರೆಯುತ್ತಾರೆ, ರೊಟ್ಟಿಗೆ ಕರೆಯುತ್ತಾರೆ. ಇಲ್ಲಿ ಕರೆಯುವವರಿಲ್ಲ. ಆದರೆ ಶೌಚಾಲಯಕ್ಕೆ ಬೀಗ ಹಾಕಿದೆ, ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ ಎಂದಳು. ಬೆಳಕು ಇಳಿಯುವ ಹೊತ್ತಿಗೆ ಊರಿನ ಬಸ್ಸು, ಅದು ತಪ್ಪಿದರೆ ಮರುದಿನದಿಂದ ಬರುವುದೇ ತಪ್ಪೀತು. ಕೂರುವ ಜಾಗವೆಂದರೆ ಕುರ್ಚಿಯೊಂದೇ ಅಲ್ಲ ಎಂದು ಅವಳ ಮಾತಿನಿಂದ ನನಗೆ ಚುಚ್ಚಿದಂತೆ ತಿಳಿಯಿತು. ಒಂದು ಬೀಗದ ಕೈ, ಒಂದು ಕೊಡ ನೀರು, ಒಂದು ತಡವಾದ ಬಸ್ಸು ಇವೂ ಓದಿನ ಸಾಮಗ್ರಿಯೇ.

ಒಳ್ಳೆಯದನ್ನೂ ಕಂಡೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದ ಮೇಲೆ, 2020ರಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ, ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಹಳ್ಳಿಗಳ ಈ ಕೋಣೆಗಳಿಗೆ ಜೀವ ಬಂದಿದೆ. ಈಗ ಅವುಗಳ ಹೆಸರು ಅರಿವು ಕೇಂದ್ರ. ದಾರಿಯ ಒಂದು ಹಳ್ಳಿಯಲ್ಲಿ ಗೋಡೆಗೆಲ್ಲ ಚಿತ್ರ, ನೆಲಕ್ಕೆ ಜಮಖಾನೆ, ಮಕ್ಕಳು ಅಂಗಾತ ಮಲಗಿ, ಬೋರಲು ಮಲಗಿ ಓದುತ್ತಿದ್ದವು. ಯಾವ ಮಗುವೂ ನೆಟ್ಟಗೆ ಕೂತಿರಲಿಲ್ಲ. ನಾವು ಇತ್ತೀಚೆಗೆ ಕಟ್ಟಿಕೊಂಡದ್ದರಲ್ಲಿ ಇದಕ್ಕಿಂತ ಒಳ್ಳೆಯದು ಬಹಳವಿಲ್ಲ. ಅದನ್ನು ನೋಡಿಕೊಳ್ಳುವವರ ಸಂಬಳ ಅವರ ಕೆಲಸಕ್ಕೆ ತಕ್ಕಷ್ಟಿರಲಿ ಎಂಬುದೇ ನನ್ನ ಪ್ರಾರ್ಥನೆ.

ರೋಣ, ಗಜೇಂದ್ರಗಡಗಳ ನಡುವೆ ಸೂಡಿ. ಇಲ್ಲಿ ಬಸ್ಸಿಳಿದು ಅರ್ಧ ದಿನವಾದರೂ ಇರಬೇಕು. ಜೋಡು ಕಳಸದ ಗುಡಿಯಲ್ಲಿ ಎರಡು ಶಿಖರಗಳು ಎದುರುಬದುರು ನಿಂತಿವೆ, ಅನತಿ ದೂರದಲ್ಲಿ ನಾಗಕುಂಡವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಟಂಕಸಾಲೆಯಿದ್ದ ಪಟ್ಟಣ. ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದವಳು, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು, ಶಾಸನಗಳಲ್ಲಿ ರಣಭೈರವಿ. ಅವಳ ಹೆಸರು ಸೂಡಿಯೊಂದಿಗೆ ಸೇರಿಕೊಂಡಿದೆ. ಜೋಡು ಕಳಸದ ಗುಡಿ ಕಟ್ಟಿಸಿದ್ದು ನಾಗದೇವ ಎಂಬ ದಂಡನಾಯಕ, 1060ರ ಆಸುಪಾಸಿನಲ್ಲಿ.

ಅದೇ ಕಾಲದಲ್ಲಿ, 1058ರಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ ಶಾಸನದಲ್ಲಿ ಒಂದು ವಿವರ ಬರುತ್ತದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತೆರಡು ವಿದ್ಯಾರ್ಥಿಗಳು, ಅವರ ಗುರುಗಳು, ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕ ನೋಡಿಕೊಳ್ಳುವವರು. ಅವರಿಗೆ ಜೀವನಕ್ಕೆ ಭೂಮಿಯ ದತ್ತಿ. ಓಲೆಗರಿಯ ಕಾಲದಲ್ಲಿ ಒಂದು ಶಾಲೆಗೆ ಆರು ಗ್ರಂಥಪಾಲಕರು! ಸೂಡಿಯ ಗುಡಿಯ ಜಗಲಿಯ ಮೇಲೆ ಕೂತು ಇದನ್ನು ನೆನೆದಾಗ ನನ್ನ ಕಣ್ಣ ಮುಂದೆ ಬಂದದ್ದು ಬೀಗ ಹಾಕಿದ ಆ ಬಾಗಿಲು. ಸಾವಿರ ವರ್ಷದ ಹಿಂದಿನವರು ಪುಸ್ತಕವನ್ನು ಮಾತ್ರ ಕೊಡಲಿಲ್ಲ, ಅದನ್ನು ನೋಡುವವರ ಊಟದ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಸಿದರು. ಆ ಓದು ಎಲ್ಲರದಾಗಿರಲಿಲ್ಲ, ನಿಜ. ಈಗ ಎಲ್ಲರದೂ ಆಗಬೇಕಾದಾಗ ಲೆಕ್ಕವನ್ನು ಅದಕ್ಕಿಂತ ಉದಾರವಾಗಿ ಬರೆಯಬೇಕಲ್ಲವೇ?

ಗಜೇಂದ್ರಗಡಕ್ಕೆ ಬಂದರೆ ನೆಲ ಎದ್ದು ಗುಡ್ಡಗಳ ಸಾಲಾಗುತ್ತದೆ. ಗುಡ್ಡದ ನೆತ್ತಿಯುದ್ದಕ್ಕೂ ಗಾಳಿಯಂತ್ರಗಳು, ಊರವರಿಗೆ ಅವು ‘ಫ್ಯಾನು’. ಇದು ನೇಕಾರರ ಊರು. ಪಟ್ಟೇದ ಅಂಚಿನ ಚೌಕಳಿ ಸೀರೆ ಈ ಊರಿನ ಹೆಸರನ್ನು ದೂರ ದೂರಕ್ಕೆ ಒಯ್ದಿದೆ. ಮಗ್ಗವಿರುವ ಓಣಿಯಲ್ಲಿ ನಡೆದರೆ ಎರಡೂ ಕಡೆಯಿಂದ ಸಪ್ಪಳ. ಈ ಸಪ್ಪಳದೊಳಗೆ ಮಕ್ಕಳು ಹೇಗೆ ಓದುತ್ತವೆ ಎಂದು ನೇಕಾರ ಹೆಣ್ಣುಮಗಳೊಬ್ಬರನ್ನು ಕೇಳಿದೆ. “ಸಪ್ಪಳ ಇದ್ರ ಓದತಾವ್ರಿ, ಮಕ್ಕೊತಾವ್ರಿ. ಮಗ್ಗ ನಿಂತ್ರ ಎಚ್ಚರ ಆಗತಾವ, ಯಾಕ ನಿಂತು ಅಂತ.” ನಿಂತ ಮಗ್ಗ ಎಂದರೆ ನಿಂತ ಕೂಲಿ. ಆ ಮನೆಯಲ್ಲಿ ಶಾಂತಿ ಇರುವುದು ಸಪ್ಪಳದಲ್ಲೇ.

ಊರಿನಿಂದ ಸ್ವಲ್ಪ ದೂರಕ್ಕೆ ಕಾಲಕಾಲೇಶ್ವರ. ಮೆಟ್ಟಿಲು ಹತ್ತಿ ಹೋದರೆ ಬಂಡೆಯ ಮಡಿಲಲ್ಲಿ ಗುಡಿ, ಅಲ್ಲಿ ಮರದ ಬೇರುಗಳ ಸಂದಿಯಿಂದ ವರ್ಷವಿಡೀ ನೀರು ಜಿನುಗುವ ಅಂತರಗಂಗೆ. ಬರಗಾಲದ ಸೀಮೆಯಲ್ಲಿ ಬತ್ತದ ನೀರನ್ನು ಕಂಡವರು ಅದಕ್ಕೆ ಕೈಮುಗಿಯದೆ ಇರುವುದು ಹೇಗೆ? ಮಂಗಗಳ ಕಾಟದಿಂದ ಪುಸ್ತಕವನ್ನು ಚೀಲದಿಂದ ತೆಗೆಯಲು ಆಗಲಿಲ್ಲ. ಓದದೆಯೇ ಬಹಳ ಹೊತ್ತು ಕೂತೆ, ಅದೂ ಬೇಕಾಗಿತ್ತು.

ಸಂಜೆ ಗಜೇಂದ್ರಗಡದ ಕೋಟೆಯ ಗುಡ್ಡ ಹತ್ತಿದಾಗ ಮೇಲೆ ಒಬ್ಬ ಹುಡುಗ ಕೋಟೆಗೋಡೆಯ ಗುಂಟ ಆ ತುದಿಯಿಂದ ಈ ತುದಿಗೆ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದ. ಕಾನ್‌ಸ್ಟೇಬಲ್ ಪರೀಕ್ಷೆಯಂತೆ. ತಂದೆತಾಯಿ ದುಡಿಯಲು ಗೋವಾಕ್ಕೆ ಹೋಗಿದ್ದಾರೆ, ಇವನು ಅಜ್ಜಿಯ ಮನೆಯಲ್ಲಿದ್ದಾನೆ. ಒಂದೇ ಕೋಣೆ, ಅದರಲ್ಲಿ ಟಿವಿ. “ಇಲ್ಲಾದ್ರ ಎಷ್ಟ ಒದರಿದ್ರೂ ಯಾರೂ ಏನೂ ಅನ್ನಂಗಿಲ್ಲ ಮೇಡಮ್,” ಎಂದ. ನಾನು ಶಿಕ್ಷಕಿ ಎಂದುಕೊಂಡನೋ ಏನೋ, ಪುಸ್ತಕವನ್ನು ನನ್ನ ಕೈಗೆ ಕೊಟ್ಟ. “ನೀವು ಇಸ್ವಿ ಕೇಳ್ರಿ, ನಾ ಹೇಳ್ತೀನಿ.”

1787 ಎಂದೆ.

“ಗಜೇಂದ್ರಗಡದ ಒಪ್ಪಂದ. ಟಿಪ್ಪು ಸುಲ್ತಾನ ಒಂದ ಕಡಿ, ಮರಾಠರು ಮತ್ತ ನಿಜಾಮ ಒಂದ ಕಡಿ,” ಎಂದು ಒಂದೇ ಉಸಿರಿಗೆ ಹೇಳಿ, ಕಾಲ ಕೆಳಗಿನ ಊರನ್ನೊಮ್ಮೆ ನೋಡಿ, ನಗುತ್ತ ಕೇಳಿದ: “ಇದು ನಮ್ಮ ಊರ ಅಲ್ರೀ?”

ಹೌದು, ಇದೇ ಊರು ಎಂದೆ.

“ಮುಂದಿಂದ ಕೇಳ್ರಿ.”

ಮುಂದಿನದು 1792, ಶ್ರೀರಂಗಪಟ್ಟಣ.